ಮಗುವಿಗೆಂದು ಹಾಕಿದ ಪಾಯ

ಪ್ಯಾರಿಸ್

ಪ್ರೀತಿಯ ಅಕ್ಕ,

ಐಫೆಲ್ ಗೋಪುರದ ಫೋಟೊ ತೆಗೆಯುವುದಕ್ಕೆ ಎಲ್ಲರೂ ಬರುವುದು ಸೇನ್ ನದಿಯ ಈಚೆ ದಡದ ಶಾಯೋ ದಿಣ್ಣೆಗೆ. ಗೋಪುರ ಕಂಡರೆ ಸಾಕು, ಕಾಲ ಕೆಳಗಿನ ನೆಲದ ಗೊಡವೆ ಯಾರಿಗೂ ಇಲ್ಲ. ಸ್ವಾರಸ್ಯವಿರುವುದು ಆ ನೆಲದಲ್ಲೇ, ಕೇಳು.

1811ರ ಮಾರ್ಚ್ 20ರಂದು ನೆಪೋಲಿಯನ್‌ಗೆ ಗಂಡುಮಗು ಹುಟ್ಟಿತು. ತೊಟ್ಟಿಲಲ್ಲಿರುವಾಗಲೇ ‘ರೋಮ್‌ನ ರಾಜ’ ಎಂಬ ಬಿರುದು! ಬಿರುದಿಗೆ ತಕ್ಕ ಅರಮನೆ ಬೇಡವೇ? ಪೆರ್ಸಿಯೆ ಮತ್ತು ಫೋಂಟೇನ್ ಎಂಬ ವಾಸ್ತುಶಿಲ್ಪಿಗಳು ಈ ದಿಣ್ಣೆಗೆ ಭಾರೀ ನಕ್ಷೆಯನ್ನೇ ಬರೆದರು. ಜಾಗ ಕೊಳ್ಳುವಾಗ ಪೀಪಾಯಿ ಮಾಡುವವನೊಬ್ಬ ತನ್ನ ಪುಟ್ಟ ಮನೆಯ ಬೆಲೆಯನ್ನು ಏರಿಸುತ್ತಲೇ ಹೋಗಿ ಚಕ್ರವರ್ತಿಯನ್ನು ಸತಾಯಿಸಿದನಂತೆ. ಯುರೋಪನ್ನು ನಡುಗಿಸಿದವನೂ ಸೈಟಿನ ಚೌಕಾಸಿಯಲ್ಲಿ ಸುಸ್ತಾಗಬೇಕಾಯಿತು ನೋಡು.

ಮರುವರ್ಷವೇ ರಷ್ಯಾ ದಂಡಯಾತ್ರೆ. ಸೈನ್ಯವೂ ಹಣವೂ ಕರಗಿದಂತೆ ನಕ್ಷೆಯೂ ಕುಗ್ಗಿತು. 1814ರಲ್ಲಿ ಸಿಂಹಾಸನವೇ ಹೋದ ಮೇಲೆ ಅರಮನೆಯ ಮಾತೆಲ್ಲಿ? ಹುಡುಗ ತಾಯಿಯೊಡನೆ ಆಸ್ಟ್ರಿಯಾ ಸೇರಿದ. 1832ರಲ್ಲಿ, 21ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡ.

ಅರಮನೆಗೆಂದು ಹಾಕಿದ್ದ ಪಾಯ ಉಳಿಯಿತು, ಜಾಗದ ಹೆಸರು ಬದಲಾಯಿತು. 1823ರಲ್ಲಿ ಫ್ರೆಂಚರು ಸ್ಪೇನಿನ ಕಾದಿಸ್ ಬಳಿ ಗೆದ್ದ ಕೋಟೆಯ ನೆನಪಿಗೆ ಇದು ‘ತ್ರೊಕಾದೆರೊ’ ಆಯಿತು.

1878ರ ಜಾಗತಿಕ ವಸ್ತುಪ್ರದರ್ಶನಕ್ಕೆ ಕೊನೆಗೂ ಇಲ್ಲೊಂದು ಅರಮನೆ ಎದ್ದಿತು, ಆದರೆ ರಾಜನಿಗಲ್ಲ, ಸಾರ್ವಜನಿಕರಿಗೆ. ಎರಡು ಗೋಪುರ, ಸಾವಿರಾರು ಜನ ಕೂರುವ ಸಂಗೀತ ಸಭಾಂಗಣ, ಬೃಹತ್ ಆರ್ಗನ್ ವಾದ್ಯ, ಎಲ್ಲವೂ ಇದ್ದವು. ಒಂದೇ ತೊಂದರೆ: ನುಡಿಸಿದ್ದೆಲ್ಲ ಪ್ರತಿಧ್ವನಿಸುತ್ತಿತ್ತು. ಸಂಗೀತಕ್ಕೆಂದೇ ಕಟ್ಟಿದ ಸಭಾಂಗಣಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

1937ರ ಪ್ರದರ್ಶನ ಬಂದಾಗ ನಡುವಿನ ಸಭಾಂಗಣವನ್ನು ಕೆಡವಿ, ಬಾಗಿದ ಎರಡು ರೆಕ್ಕೆಗಳನ್ನು ಉಳಿಸಿಕೊಂಡು ಅವಕ್ಕೆ ಹೊಸ ಗೋಡೆಯ ಹೊದಿಕೆ ಹಾಕಿದರು. ಅದೇ ಈಗಿನ ಶಾಯೋ ಅರಮನೆ. ಮಧ್ಯದ ಜಾಗವನ್ನು ಬಯಲಾಗಿ ಬಿಟ್ಟದ್ದು ಜಾಣತನ. ಫೋಟೊದವರು ನಿಲ್ಲುವುದು ಅಲ್ಲೇ. 1940ರ ಜೂನಿನಲ್ಲಿ ಪ್ಯಾರಿಸನ್ನು ಗೆದ್ದ ಹಿಟ್ಲರ್ ಕೂಡ ಗೋಪುರ ಕಾಣುವಂತೆ ಇಲ್ಲೇ ನಿಂತು ಫೋಟೊ ತೆಗೆಸಿಕೊಂಡ.

ಎಂಟೇ ವರ್ಷದ ಮೇಲೆ, 1948ರ ಡಿಸೆಂಬರ್ 10ರಂದು, ಇದೇ ಕಟ್ಟಡದಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 48 ಮತ, ವಿರುದ್ಧ ಒಂದೂ ಇಲ್ಲ, 8 ದೇಶಗಳು ತಟಸ್ಥ. ನಮ್ಮ ದೇಶದ ಮತ ಪರವಾಗಿತ್ತು. ಈಗ ಒಂದು ರೆಕ್ಕೆಯಲ್ಲಿ ಮಾನವಶಾಸ್ತ್ರದ ಮತ್ತು ನೌಕಾಪಡೆಯ ವಸ್ತುಸಂಗ್ರಹಾಲಯಗಳಿವೆ, ಇನ್ನೊಂದರಲ್ಲಿ ವಾಸ್ತುಶಿಲ್ಪದ್ದು. ಬಯಲಿನ ಕೆಳಗೆ ರಂಗಮಂದಿರ. ಭಾವನಿಗೆ ನೌಕಾಪಡೆಯದನ್ನು ಮರೆಯದೆ ಹೇಳು, ಹಡಗಿನ ಮಾದರಿಗಳೆಂದರೆ ಅವರಿಗೆ ಪ್ರಾಣ.

ಇಂತಿ ನಿನ್ನ ತಮ್ಮ