ಬೋರಿ ಹೊಳೆಗೆ ಬಂದ ಕಡಲು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಲವತ್ತು ಕಿಲೋಮೀಟರಿನಷ್ಟು ದಾರಿ. ಕುಂಭಾರಿ, ವಳಸಂಗ ದಾಟಿದ ಮೇಲೆ ಎರಡೂ ಬದಿಗೆ ಎರೆಹೊಲಗಳು. ತೊಗರಿ, ಕಬ್ಬು, ಹಿಂಗಾರಿಯಲ್ಲಿ ಬಿಳಿಜೋಳ. ವಕೀಲಿ ವೃತ್ತಿಯ ನಿಮಿತ್ತ ಅನೇಕ ವರ್ಷಗಳಿಂದ ಈ ದಾರಿಯಲ್ಲಿ ಓಡಾಡಿದ್ದೇನೆ. ಇಲ್ಲಿ ಸಮುದ್ರ ನೆನಪಾಗುವ ಕಾರಣವೇ ಇಲ್ಲ. ಬಂಗಾಲ ಉಪಸಾಗರದ ದಂಡೆಯ ಕಾಕಿನಾಡ ನೇರ ಅಳತೆಯಲ್ಲಿಯೇ ಸುಮಾರು 650 ಕಿಲೋಮೀಟರ್ ದೂರ. ಆದರೂ ಕಳೆದ ದೀಪಾವಳಿ ಸೂಟಿಯಲ್ಲಿ ಮಗಳೊಡನೆ ಬೋರಿ ಹೊಳೆಯ ಸೇತುವೆಯ ಮೇಲೆ ನಿಂತಾಗ ನಾವಿಬ್ಬರೂ ಮಾತನಾಡಿದ್ದು ಕಡಲಿನ ಬಗೆಗೇ.

ಬೋರಿ ದೊಡ್ಡ ನದಿಯಲ್ಲ. ನಳದುರ್ಗದ ಕೋಟೆಯನ್ನು ಬಳಸಿ, ಕುರನೂರ ಜಲಾಶಯವನ್ನು ತುಂಬಿ, ಅಕ್ಕಲಕೋಟ ತಾಲೂಕಿನ ಹಳ್ಳಿಗಳನ್ನು ದಾಟಿ ಭೀಮೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಅದರ ಪಾತ್ರದಲ್ಲಿ ಆಟವಾಡುತ್ತಾರೆ. 2020ರ ಅಕ್ಟೋಬರ್ 14ರಂದು ಇದೇ ಹೊಳೆ ಊರೊಳಗೆ ನುಗ್ಗಿತು. ದಂಡೆಯ ಸಾಂಗವಿ ಖುರ್ದದಂಥ ಹಳ್ಳಿಗಳಲ್ಲಿ ಮನೆ, ದನ, ಕಾಳು ಯಾವುದಕ್ಕೂ ರಕ್ಷಣೆಯಿರಲಿಲ್ಲ. ಅತ್ತ ತುಂಬಿದ್ದ ಉಜನಿಯಿಂದ ಭೀಮೆಗೆ ಭಾರಿ ಪ್ರಮಾಣದಲ್ಲಿ ನೀರು ಬಿಡಬೇಕಾಯಿತು. ಆ ನೀರು ಕೆಳಗಿನ ಅಫಜಲಪುರ ತಾಲೂಕನ್ನೂ ಕಂಗೆಡಿಸಿತು.

ಮಹಾಪೂರ ಇಳಿದ ಮೇಲೆ ಒಬ್ಬ ಹಿರಿಯ ರೈತರು ನನ್ನ ಕಚೇರಿಗೆ ಬಂದರು. ಕೊಯ್ದು ಹೊಲದಲ್ಲಿಯೇ ಹರವಿದ್ದ ಸೋಯಾಬೀನು ಪೂರ್ತಿ ಹೋಗಿತ್ತು. ಅವರ ಮೊದಲ ಪ್ರಶ್ನೆ ಪರಿಹಾರದ್ದಾಗಿರಲಿಲ್ಲ. "ವಕೀಲ ಸಾಹೇಬ್ರ, ಚಿತ್ತಿ ಮಳಿ ನಾ ಅರವತ್ತು ವರ್ಷ ನೋಡೀನಿ. ಇದು ಎಲ್ಲಿಂದ ಬಂತ್ರೀ?" ಎಂದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಓದಿ ತಿಳಿದುಕೊಂಡದ್ದನ್ನು ಸೇತುವೆಯ ಮೇಲೆ ಮಗಳಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

ಆ ಮಳೆ ಹುಟ್ಟಿದ್ದು ಅಂದಮಾನ್ ಸಮುದ್ರದಲ್ಲಿ. ಅಕ್ಟೋಬರ್ 9ರ ಸುಮಾರಿಗೆ ಅಲ್ಲಿ ವಾಯುಭಾರ ಕುಸಿತವಾಯಿತು. ಅದು ಪಶ್ಚಿಮಕ್ಕೆ ಸರಿಯುತ್ತ ಬಲಗೊಂಡು, 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಏರಿತು. ಹೈದರಾಬಾದನ್ನು ಮುಳುಗಿಸಿ, ಕಲಬುರಗಿಯ ಸೀಮೆ ದಾಟಿ, ಮರುದಿನ ನಮ್ಮ ಮೇಲೆ ಬಂದಿತು. ಮುಂದೆ ಅರಬ್ಬೀ ಸಮುದ್ರಕ್ಕಿಳಿದು ಮತ್ತೆ ಜೀವ ಪಡೆಯಿತು. ಅದಕ್ಕೊಂದು ಹೆಸರೂ ಇರಲಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಮಾತ್ರ ಅದು ಚಂಡಮಾರುತವೆನಿಸಿ ಹೆಸರು ಪಡೆಯುತ್ತದೆ. ಇದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಉಳಿಯಿತು. ಗಾಳಿಯ ಲೆಕ್ಕದಲ್ಲಿ ಸಣ್ಣದಾದುದು ನೀರಿನ ಲೆಕ್ಕದಲ್ಲಿ ಸಣ್ಣದಾಗಿರಬೇಕೆಂದಿಲ್ಲ.

ಇಂಥ ಸುಳಿ ಹುಟ್ಟಲು ಕೆಲವು ಅನುಕೂಲಗಳು ಒಂದೆಡೆ ಕೂಡಬೇಕು. ಸಮುದ್ರದ ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಅದೂ ಮೇಲ್ಪದರದಲ್ಲಷ್ಟೇ ಅಲ್ಲ, ಐವತ್ತು ಮೀಟರಿನಷ್ಟು ಆಳದವರೆಗೆ. ಗಾಳಿಯಲ್ಲಿ ತೇವ ತುಂಬಿರಬೇಕು. ಭೂಮಿಯ ತಿರುಗುವಿಕೆ ಗಾಳಿಗೆ ಸುತ್ತು ಕೊಡುವಷ್ಟು ವಿಷುವದ್ವೃತ್ತದಿಂದ ದೂರವಿರಬೇಕು. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಹೆಚ್ಚು ಅಂತರವಿರಬಾರದು. ಇದ್ದರೆ ಸುಳಿಯ ತಲೆಯೊಂದು ಕಡೆ, ಕಾಲೊಂದು ಕಡೆ ಎಳೆದು ಹೋಗುತ್ತದೆ. ಜುಲೈ, ಆಗಸ್ಟ್ ತಿಂಗಳ ಮುಂಗಾರಿನಲ್ಲಿ ಈ ಅಂತರ ಬಹಳ. ಆದ್ದರಿಂದಲೇ ನಮ್ಮ ಕಡಲುಗಳಲ್ಲಿ ಚಂಡಮಾರುತಗಳು ಮುಂಗಾರಿನ ಮೊದಲು ಮತ್ತು ಅದು ಹಿಂದೆ ಸರಿಯುವಾಗ ಹೆಚ್ಚು.

ಈ ಅನುಕೂಲಗಳು ಎಲ್ಲ ವರ್ಷವೂ ಒಂದೇ ತೆರನಾಗಿರುವುದಿಲ್ಲ. ಅವುಗಳನ್ನು ಏರಿಳಿಸುವ ಮೂಲವೊಂದು ಬಹಳ ದೂರದ ಪೆಸಿಫಿಕ್ ಸಾಗರದಲ್ಲಿದೆ. ಅಲ್ಲಿ ಪೂರ್ವದಿಂದ ಬೀಸುವ ಗಾಳಿ ಬೆಚ್ಚನೆಯ ನೀರನ್ನು ಇಂಡೋನೇಷ್ಯದ ಕಡೆಗೆ ದೂಡುತ್ತದೆ. ಕೆಲವು ವರ್ಷ ಆ ಗಾಳಿ ಸೋಲುತ್ತದೆ. ಬಿಸಿನೀರು ಪೂರ್ವಕ್ಕೆ, ಪೆರು ದೇಶದ ಕಡೆಗೆ ಹರಡುತ್ತದೆ. ಇದು ಎಲ್ ನಿನೊ. ಗಾಳಿ ವಾಡಿಕೆಗಿಂತ ಬಲಗೊಂಡರೆ ಲಾ ನಿನಾ. ಕ್ರಿಸ್ಮಸ್ಸಿನ ಸುಮಾರಿಗೆ ಕಾಣಿಸುತ್ತಿದ್ದ ಬಿಸಿನೀರಿಗೆ ಬಾಲಯೇಸುವನ್ನು ನೆನೆದು ಪೆರುವಿನ ಬೆಸ್ತರು ಕೊಟ್ಟ ಹೆಸರದು. ಲಾ ನಿನಾ ವರ್ಷಗಳಲ್ಲಿ, ವಿಶೇಷವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಬಂಗಾಲ ಉಪಸಾಗರದಲ್ಲಿ ತೇವ ಹೆಚ್ಚುತ್ತದೆ, ಬಲವಾದ ಸುಳಿಗಳಿಗೆ ಅನುಕೂಲವಾಗುತ್ತದೆ. 2020 ಲಾ ನಿನಾ ವರ್ಷ. ಬೋರಿಗೆ ಪೂರ ಬರುವ ಒಂದು ತಿಂಗಳು ಮೊದಲೇ ಅದು ಜಗತ್ತಿಗೆ ತಿಳಿದಿತ್ತು.

ನಮ್ಮ ಹಿಂದೂ ಮಹಾಸಾಗರಕ್ಕೂ ತನ್ನದೇ ತಕ್ಕಡಿಯಿದೆ. ಒಂದು ತಟ್ಟೆ ಆಫ್ರಿಕದ ಕಡೆ, ಇನ್ನೊಂದು ಸುಮಾತ್ರದ ಕಡೆ. 1999ರಲ್ಲಿ ಇದನ್ನು ಗುರುತಿಸಿ ಜಗತ್ತಿಗೆ ತಿಳಿಸಿದ ನಾಲ್ವರಲ್ಲಿ ಪಿ. ಎನ್. ವಿನಯಚಂದ್ರನ್ ಒಬ್ಬರು. ಪಶ್ಚಿಮದ ತಟ್ಟೆ ಬೆಚ್ಚಗಾದರೆ ಅರಬ್ಬೀ ಸಮುದ್ರಕ್ಕೆ ಬಲ. 2019ರಲ್ಲಿ ಅದು ಅತಿಯಾಗಿ ಬೆಚ್ಚಗಾಗಿತ್ತು. ಆ ವರ್ಷ ಅರಬ್ಬೀ ಸಮುದ್ರದಲ್ಲಿಯೇ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂದು ಐದು ಚಂಡಮಾರುತಗಳೆದ್ದವು.

ಹಾಗಾದರೆ ಸಮುದ್ರ ನೋಡಿ ಭವಿಷ್ಯ ಹೇಳಬಹುದೇ? ಮಗಳೂ ಇದನ್ನೇ ಕೇಳಿದಳು. ಇಲ್ಲಿ ನನ್ನ ವೃತ್ತಿಯ ಎಚ್ಚರ ಕೆಲಸಕ್ಕೆ ಬಂದಿತು. ಸಮುದ್ರ ಕೊಡುವುದು ಸಂದರ್ಭ ಸಾಕ್ಷ್ಯವನ್ನು, ತೀರ್ಪನ್ನಲ್ಲ. 1877 ಮತ್ತು 1972ರ ಎಲ್ ನಿನೊ ವರ್ಷಗಳು ದಖ್ಖಣಕ್ಕೆ ಬರವನ್ನೇ ತಂದವು. ಆದರೆ 1997ರಲ್ಲಿ ಪ್ರಬಲ ಎಲ್ ನಿನೊ ಇದ್ದಾಗಲೂ ದೇಶಕ್ಕೆ ವಾಡಿಕೆಯ ಮುಂಗಾರು ದೊರೆಯಿತು. ಹಿಂದೂ ಮಹಾಸಾಗರದ ತಕ್ಕಡಿ ಆಗ ನಮ್ಮ ಪರವಾಗಿ ತೂಗಿತೆಂಬುದು ವಿಜ್ಞಾನಿಗಳ ವಿವರಣೆ. ಲಾ ನಿನಾ ಎಂದರೆ ಪೂರದ ಆಜ್ಞೆಯಲ್ಲ. ಸಂಭವ ಹೆಚ್ಚಿದೆ ಎಂಬ ನೋಟೀಸು. ಯಾವ ದಿನ, ಯಾವ ಹೊಳೆ ಎಂಬುದು ನಾಲ್ಕೈದು ದಿನ ಮೊದಲು, ಹವಾಮಾನ ಇಲಾಖೆಯ ಸೂಚನೆಯಲ್ಲಿ ಮಾತ್ರ ಸ್ಪಷ್ಟವಾಗತೊಡಗುತ್ತದೆ.

ಆ ನಾಲ್ಕೈದು ದಿನಗಳ ಬೆಲೆ ನಾನು ಅರಿತದ್ದು ಹಿರಿಯರ ಪ್ರಕರಣದಲ್ಲಿ. ಅಂದು ಜಾರಿಯಲ್ಲಿದ್ದ ಬೆಳೆ ವಿಮೆಯ ನಿಯಮದಲ್ಲಿ ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೂ ಹದಿನಾಲ್ಕು ದಿನಗಳವರೆಗೆ ರಕ್ಷಣೆಯಿತ್ತು. ಚಂಡಮಾರುತದ ಮಳೆ, ಅಕಾಲಿಕ ಮಳೆ ಎಂಬ ಶಬ್ದಗಳೇ ಅಲ್ಲಿದ್ದವು. ಆದರೆ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕಿತ್ತು. ಹಿರಿಯರು ಆ ಮೂರು ದಿನ ದನಗಳನ್ನು ಎತ್ತರಕ್ಕೆ ಹೊಡೆಯುವುದರಲ್ಲಿದ್ದರು. ನನ್ನಲ್ಲಿಗೆ ಬಂದದ್ದು ಆರನೆಯ ದಿನ. ಅರ್ಜಿ ತಿರಸ್ಕೃತವಾಯಿತು. ಕಡಲಿನಲ್ಲಿ ಸುಳಿ ಹುಟ್ಟಿದಂದಿನಿಂದ ಬೋರಿ ಉಕ್ಕುವವರೆಗೆ ಐದು ದಿನಗಳಿದ್ದವು. ಆ ಸುದ್ದಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮುಟ್ಟಿದ್ದರೆ ಸೋಯಾಬೀನು ಮನೆ ಸೇರುತ್ತಿತ್ತು, ನನ್ನ ಅರ್ಜಿಯೇ ಬೇಕಾಗುತ್ತಿರಲಿಲ್ಲ.

ಹಿಂಗಾರಿ ಮಳೆ ನಮಗೆ ಶತ್ರುವಲ್ಲ. ಪೂರ್ವದ ಕಡಲಿನಿಂದ ಬರುವ ಇಂಥ ಸುಳಿಗಳೇ ಎಷ್ಟೋ ವರ್ಷ ನಮ್ಮ ಎರೆಗೆ ಹಸಿಯನ್ನು ಕೊಟ್ಟಿವೆ. ಆ ಹಸಿಯ ಮೇಲೆಯೇ ಮಾಲದಂಡಿ ಜೋಳ ತೆನೆಗಟ್ಟುತ್ತದೆ. ಬಂದರೆ ಅನ್ನ, ಅತಿಯಾದರೆ ಆಪತ್ತು. ಮಳೆ ಅಪರೂಪವಾದ ಈ ನೆಲದಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಬಂದ ನೀರನ್ನು ನಿಲ್ಲಿಸಿಕೊಳ್ಳುವ ವಿವೇಕ ಅವರದು. ಬರುವ ನೀರನ್ನು ಮುಂದಾಗಿ ತಿಳಿದುಕೊಳ್ಳುವ ವಿವೇಕ ನಮ್ಮ ಪೀಳಿಗೆಗೆ ಬೇಕಾಗಿದೆ.

ಹೊರಡುವಾಗ ಮಗಳು ಕೆಳಗಿನ ನೀರನ್ನು ತೋರಿಸಿ, "ಅಪ್ಪಾ, ಇದು ಎಲ್ಲಿಗೆ ಹೋಗ್ತದ?" ಎಂದಳು. ಬೋರಿ ಭೀಮೆಗೆ, ಭೀಮೆ ರಾಯಚೂರ ಸೀಮೆಯಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಲ ಉಪಸಾಗರಕ್ಕೆ ಎಂದೆ. ಆ ಕಡಲಿಗೆ ನದಿಗಳು ಸುರಿಯುವ ಸಿಹಿನೀರು ಹಗುರವಾಗಿ ಮೇಲೆಯೇ ನಿಂತು, ತಳದ ತಂಪು ನೀರು ಮೇಲೇಳದಂತೆ ತಡೆದು, ಮೇಲ್ಮೈಯನ್ನು ಬೆಚ್ಚಗಿಡುತ್ತದೆ. ಗಂಗೆ, ಬ್ರಹ್ಮಪುತ್ರೆಗಳ ಪಾಲಿನೆದುರು ನಮ್ಮದು ಅತ್ಯಲ್ಪ. ಆದರೆ ಪಾಲಂತೂ ಇದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮ ನೀರೇ ತಿರುಗಿ ಬರ್ತದ" ಎಂದಳು. ಮುಂದಿನ ಚಿತ್ತಿ ಮಳೆಗೆ ಮುನ್ನ ಹವಾಮಾನ ಇಲಾಖೆಯ ಸೂಚನೆಯನ್ನು ಕನ್ನಡದಲ್ಲಿ ಬರೆದು ಊರಿನ ಅಜ್ಜನಿಗೆ ಓದಿ ಹೇಳುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದೇನೆ. ನಮ್ಮ ಶಾಲೆಗಳ ಮಕ್ಕಳೆಲ್ಲ ತಮ್ಮ ತಮ್ಮ ಊರಿನಲ್ಲಿ ಮಾಡಬಹುದಾದ ಕೆಲಸವದು.