ಪುಕ್ಕ ಬಲಿತ ಮೇಲೆ

ದೇವನಹಳ್ಳಿ ತಾಲ್ಲೂಕು ಕುಂದಾಣದ ಆ ಮನೆಯಲ್ಲಿ ಬೇಸಿಗೆ ರಜೆಯುದ್ದಕ್ಕೂ ಕೋಳಿಮರಿಗಳದೇ ಸದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಮಗಳ ಹಟಕ್ಕೆ ಮಣಿದು ಅಪ್ಪ ಒಂದು ದಿನದ ಇಪ್ಪತ್ತೈದು ಗಿರಿರಾಜ ಮರಿಗಳನ್ನು ತಂದಿದ್ದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಡುಗಡೆ ಮಾಡಿದ ಈ ತಳಿ ಹಿತ್ತಿಲಲ್ಲಿ ಸಾಕಲೆಂದೇ ರೂಪುಗೊಂಡದ್ದು. ಹಾಗೆಂದು ಎಳೆಯ ಮರಿಯನ್ನು ನೇರವಾಗಿ ಹಿತ್ತಿಲಿಗೆ ಬಿಡಲಾದೀತೆ?

ಕಾವು ಕೊಡುವ ತಾಯಿ ಇಲ್ಲವಲ್ಲ! ಆ ಕೆಲಸವನ್ನು ಬಲ್ಬ್ ಮಾಡಬೇಕು. ಎಲ್‌ಇಡಿ ಬಲ್ಬಿನಿಂದ ಬೆಳಕು ಸಿಕ್ಕೀತು, ಕಾವು ಸಿಗದು. ಹುಡುಗಿ ಹಳೆಯ ಕಾಲದ ತಂತಿ ಬಲ್ಬನ್ನೇ ಹುಡುಕಿ ತಂದಳು. ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹರಡಿ, ಬಲ್ಬನ್ನು ಮೇಲಿನಿಂದ ಇಳಿಬಿಟ್ಟಳು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಚಳಿಯಾದರೆ ಬಲ್ಬಿನಡಿ ಗುಂಪುಗೂಡುತ್ತವೆ, ಸೆಕೆಯಾದರೆ ಅಂಚಿಗೆ ಸರಿಯುತ್ತವೆ, ಹದವಾಗಿದ್ದರೆ ಎಲ್ಲೆಡೆ ಹರಡಿ ಮೇಯುತ್ತವೆ.

ಇಪ್ಪತ್ತು ದಿನಕ್ಕೆ ಪೆಟ್ಟಿಗೆ ಕಿರಿದಾಯಿತು, ಮನೆಯಲ್ಲಿ ವಾಸನೆಯೂ ಹೆಚ್ಚಿತು. ಮೇ ತಿಂಗಳ ಸುಡುಬಿಸಿಲು ಬೇರೆ. ‘ಈ ಸೆಕೆಯಲ್ಲಿ ಇನ್ನೇನು ಚಳಿ?’ ಎಂದುಕೊಂಡ ಹುಡುಗಿ ಎಲ್ಲವನ್ನೂ ಒಮ್ಮೆಗೇ ಹಿತ್ತಿಲಿನ ಗೂಡಿಗೆ ಸಾಗಿಸಿದಳು. ಅಂದು ರಾತ್ರಿ ಗಾಳಿಯೊಡನೆ ಆಲಿಕಲ್ಲು ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ಮರಿಗಳು ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅಡಿಯಲ್ಲಿದ್ದ ಮೂರು ಉಸಿರುಕಟ್ಟಿ ಸತ್ತಿದ್ದವು.

ಮನೆಯಲ್ಲಿ ಯಾರೂ ಬೈಯಲಿಲ್ಲ. ಅವಳಿಗೆ ಬೈಗುಳವೇ ಮೇಲೆನಿಸಿತು. ಸಂಜೆ ಅಜ್ಜಿ ಪಕ್ಕದಲ್ಲಿ ಕುಳಿತು, ‘ನಯ ತುಪ್ಪಳ ಮಳೆ ತಡೆಯಾಕಿಲ್ಲ ಕಣವ್ವ. ಪುಕ್ಕ ಬಲೀಬೇಕು. ನಮ್ಮ ನಾಟಿಕೋಳಿ ಏನ್ಮಾಡ್ತದೆ ನೋಡು’ ಎಂದರು.

ಆ ಕೋಳಿಯನ್ನು ಅವಳು ದಿನವೂ ನೋಡುತ್ತಿದ್ದಳು. ಗಮನಿಸಿದ್ದು ಮಾತ್ರ ಅಂದೇ. ಹದ್ದಿನ ನೆರಳು ಬಿದ್ದರೆ ಮರಿಗಳನ್ನು ರೆಕ್ಕೆಯಡಿ ಬಚ್ಚಿಟ್ಟುಕೊಳ್ಳುವ ತಾಯಿ, ಉಳಿದ ಹೊತ್ತಿನಲ್ಲಿ ತಿಪ್ಪೆ ಕೆದರಿ ತೋರಿಸುತ್ತದೆ. ಮರಿ ಬಲಿತ ಮೇಲೆ ಅದೇ ತಾಯಿ ಕುಕ್ಕಿ ಓಡಿಸುತ್ತದೆ.

ಉಳಿದ ಇಪ್ಪತ್ತೆರಡು ಮರಿಗಳು ಒಳಗೆ ಬಂದವು. ಬಲ್ಬ್ ದಿನದಿನಕ್ಕೆ ಮೇಲೇರಿತು. ಮೊದಲು ಹಗಲಿನಲ್ಲಿ, ಆಮೇಲೆ ರಾತ್ರಿಯೂ ಆರಿತು. ನಾಲ್ಕು ವಾರ ದಾಟಿದ ಮೇಲೆ ಎಳೆಬಿಸಿಲಿನಲ್ಲಿ ಒಂದು ಗಂಟೆ, ಮುಂದೆ ಅರ್ಧ ದಿನ ಹಿತ್ತಿಲಿನ ಓಡಾಟ. ಸಂಜೆಗೆ ಮತ್ತೆ ಒಳಗೆ. ಅಷ್ಟರಲ್ಲಿ ಅಪ್ಪ ಗೂಡಿಗೆ ಸೂರು ಹೊದಿಸಿ, ಇಲಿ–ಮುಂಗುಸಿ ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಬಿಗಿದರು. ಆರು ವಾರ ತುಂಬಿ ಮೈತುಂಬ ಪುಕ್ಕ ಬಂದ ಮೇಲೆ, ಮಳೆಯಿಲ್ಲದ ದಿನ ನೋಡಿ ಮರಿಗಳನ್ನು ಗೂಡಿಗೆ ಬಿಟ್ಟಳು. ನೀರಿನ ಬಟ್ಟಲು, ತಿನ್ನುವ ಆಹಾರ ಎಲ್ಲ ಹಳೆಯದೇ. ಗೂಡೇ ಮನೆಯೆಂದು ಗೊತ್ತಾಗಲಿ ಎಂದು ಕೆಲವು ದಿನ ಹೊರಗೆ ಬಿಡಲಿಲ್ಲ. ಆಮೇಲೆ ಬಾಗಿಲು ತೆರೆದಾಗ, ಇಡೀ ದಿನ ಮೇದ ಮರಿಗಳು ಮುಸ್ಸಂಜೆಗೆ ತಾವಾಗಿಯೇ ಗೂಡು ಸೇರಿದವು.

ಅದೇ ವಾರ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಮಗಳಿಗೆ ಒಳ್ಳೆಯ ಅಂಕ ಬಂದಿತ್ತು. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವ ಆಸೆ ಅವಳದು. ‘ನೋಡೋಣ’ ಎನ್ನುತ್ತಲೇ ಅಪ್ಪ ದಿನ ದೂಡುತ್ತಿದ್ದರು. ಗೂಡಿನ ಬಾಗಿಲು ಹಾಕುತ್ತಿದ್ದ ಮೊಮ್ಮಗಳನ್ನು ತೋರಿಸಿ ಅಜ್ಜಿ, ‘ಇವಳಿಗೂ ಒಂದೇ ಸಲ ಬಾಗಿಲು ತೆಗೀಬೇಡ. ಹಂಗಂತ ಮುಚ್ಚೂ ಇಡಬೇಡ’ ಎಂದರು.

ಮರುದಿನ ಪ್ರವೇಶದ ಅರ್ಜಿ ತರಲು ಅಪ್ಪ ಮಗಳೊಬ್ಬಳನ್ನೇ ಬೆಂಗಳೂರಿನ ಬಸ್ಸು ಹತ್ತಿಸಿದರು. ಮುಸ್ಸಂಜೆಗೆ ಅವಳು ಅರ್ಜಿ ಹಿಡಿದು ಇಳಿದಾಗ ಅಪ್ಪ ಅಲ್ಲೇ ಇದ್ದರು. ‘ಯಾವಾಗ ಬಂದ್ರಿ?’ ಎಂದು ಅವಳು ಕೇಳಿದಳು. ‘ಈಗಷ್ಟೇ’ ಎಂದರು. ಎದುರಿನ ಅಂಗಡಿಯವರು ಮಾತ್ರ ನಕ್ಕರು. ಅವರು ಮಧ್ಯಾಹ್ನದಿಂದ ಅಪ್ಪನಿಗೆ ನಾಲ್ಕು ಟೀ ಕೊಟ್ಟಿದ್ದರು.