ತುಂಬುಗೆನ್ನೆಯ ತಮ್ಮ

ಅಕ್ಕನ ಮೊಮ್ಮಗಳಿಗೆ ಈಗಷ್ಟೇ ಅಕ್ಷರಾಭ್ಯಾಸವಾಗಿದೆ. ಅವಳು ಸ್ಲೇಟಿನ ಮೇಲೆ ಬರೆಯುವ ‘ರ’ ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗಿರುತ್ತದೆ. ಬಳಪ ಒತ್ತಿ ಒತ್ತಿ ಗೆರೆಯೂ ದಪ್ಪ. ಅದನ್ನು ಕಂಡಾಗಲೆಲ್ಲ ನನಗೆ ಬಲೂ ತಮ್ಮನ ನೆನಪು.

ಬಲೂ ತಮ್ಮ ಒಂದು ಫಾಂಟು. ಮುಂಬಯಿಯ ಏಕ್ ಟೈಪ್ ತಂಡ ಮಾಡಿದ್ದು, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಬಲೂ ಅಂದರೆ ಜಂಗಲ್ ಬುಕ್ಕಿನ ಕರಡಿ. ಹೆಚ್ಚಿನ ಲಿಪಿಗಳಿಗೆ ಆಯಾ ಭಾಷೆಯವರು ಕರೆಯುವ ಸಂಬಂಧವನ್ನೇ ಅಂಟಿಸಿ ಹೆಸರಿಟ್ಟಿದ್ದಾರೆ: ಮಲಯಾಳಕ್ಕೆ ಚೇಟ್ಟನ್, ಬಂಗಾಳಿಗೆ ದಾ, ಪಂಜಾಬಿನ ಗುರುಮುಖಿಗೆ ಪಾಜಿ, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು. ಕೇರಳದಲ್ಲಿ ಅಣ್ಣನಾದವನು ಘಟ್ಟ ಹತ್ತಿ ಈಚೆ ಬಂದರೆ ತಮ್ಮ! ಒಂದು ಕೂಡುಕುಟುಂಬವನ್ನೇ ಅಕ್ಷರಗಳಲ್ಲಿ ಕಟ್ಟಿದವರ ಬಗ್ಗೆ ನನಗೆ ತುಂಬಾ ಪ್ರೀತಿ.

ಇಂಗ್ಲಿಷ್ ಅಕ್ಷರಕ್ಕೆ ಬಲೂವಿನ ಈ ಗುಂಡುತನವನ್ನು ಬೇಕೆಂದೇ ತೊಡಿಸಬೇಕು, ಮೂಲೆಗಳನ್ನು ಉಜ್ಜಿ ನಯ ಮಾಡಬೇಕು. ನಮ್ಮದು ಹುಟ್ಟಾ ಗುಂಡು. ತಾಳೆಗರಿಯ ಮೇಲೆ ಕಂಠವೆಂಬ ಮೊನಚು ಲೇಖನಿಯಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಹಿರಿಯರು ಹೇಳುವುದುಂಟು. ಕಾರಣ ಏನೇ ಇರಲಿ, ಕನ್ನಡವನ್ನು ಇನ್ನಷ್ಟು ಉಬ್ಬಿಸಿದರೆ ಅದು ವೇಷ ಅನ್ನಿಸುವುದಿಲ್ಲ, ಮಗುವಿನ ಕೆನ್ನೆ ಅನ್ನಿಸುತ್ತದೆ.

ಆದರೆ ಕೆನ್ನೆ ತುಂಬಿದಷ್ಟೂ ಹೊಟ್ಟೆಯೊಳಗೆ ಜಾಗ ಕಡಿಮೆ. ‘ರ’ದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ‘ಠ’, ‘ದ’ದ ಬುಡ ಸೀಳಿದರೆ ‘ಧ’. ಗೆರೆ ದಪ್ಪವಾದ ಕಡೆ ಆ ಸೀಳು ಮುಚ್ಚಿಹೋದರೆ ಧನ ಹೋಗಿ ದನವಾಗುತ್ತದೆ. ಒತ್ತಕ್ಷರದ ಪಾಡು ಇನ್ನೂ ಕಷ್ಟ: ಗಾತ್ರ ಕುಗ್ಗಬೇಕು, ಗೆರೆಯ ದಪ್ಪ ಮಾತ್ರ ಮೇಲಿನ ಅಕ್ಷರಕ್ಕೆ ಹೊಂದಬೇಕು. ನಮ್ಮೂರಿನಲ್ಲಿ ಬೋರ್ಡ್ ಬರೆಯುತ್ತಿದ್ದವರೊಬ್ಬರು ಮೊದಲು ಸೀಮೆಸುಣ್ಣದಲ್ಲಿ ಹೊರಗೆರೆ ಎಳೆದು, ಒಳಗಿನ ಬಯಲನ್ನು ಕಣ್ಣು ಕಿರಿದು ಮಾಡಿ ನೋಡಿ, ಆಮೇಲಷ್ಟೇ ಬಣ್ಣ ತುಂಬುತ್ತಿದ್ದರು. ಅಕ್ಷರ ಓದಿಸಿಕೊಳ್ಳುವುದು ಬಣ್ಣ ಇಲ್ಲದ ಕಡೆ ಎಂಬುದು ಆ ಕುಂಚಕ್ಕೆ ಗೊತ್ತಿತ್ತು.

ಹಾಗಾಗಿ ಈ ತಮ್ಮನನ್ನು ದೊಡ್ಡದಾಗಿ ನಿಲ್ಲಿಸಬೇಕು. ಮಕ್ಕಳ ಕತೆಪುಸ್ತಕದ ಮುಖಪುಟ, ಐಸ್‌ಕ್ರೀಮ್ ಅಂಗಡಿ, ಅಂಗನವಾಡಿಯ ಗೋಡೆ, ನಾಮಕರಣದ ಕರೆಯೋಲೆ. ಅಲ್ಲೆಲ್ಲ ಅವನು ಕೈಬೀಸಿ ಕರೆಯುತ್ತಾನೆ. ಮುನ್ನೂರು ಪುಟದ ಕಾದಂಬರಿಯ ಒಳಪುಟಕ್ಕೆ ಮಾತ್ರ ಬೇಡ. ಅಷ್ಟು ಹೊತ್ತು ಅವನ ನಗುವನ್ನು ನೋಡುತ್ತಾ ಕೂತರೆ ಕಣ್ಣು ಸೋಲುತ್ತದೆ. ಆಮೇಲೆ ಬಂದ ‘ಬಲೂ ತಮ್ಮ 2’ರಲ್ಲಿ ತೆಳುವಿನಿಂದ ದಪ್ಪದವರೆಗೆ ಐದು ಮೈಕಟ್ಟುಗಳಿವೆ. ತೆಳ್ಳಗಿನವನು ನಾಲ್ಕಾರು ಸಾಲು ಹೆಚ್ಚಿಗೆ ನಿಭಾಯಿಸುತ್ತಾನೆ.

ಮೊನ್ನೆ ಮೊಮ್ಮಗಳು ‘ಠ’ ಬರೆಯಲು ಕೂತಿದ್ದಳು. ಚುಕ್ಕಿ ಇಡುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಅಂಗೈಯಿಂದ ಒರೆಸಿ, ಸ್ಲೇಟು ತುಂಬಾ ಮತ್ತೊಂದು ಬರೆದಳು.